ಭೂಕಂಪಕ್ಕೂ ಅಯಸ್ಕಾಂತಕ್ಕೂ ಏನು ನಂಟು?

ಕಳೆದ ಚಳಿಗಾಲದ ಒಂದು ಸಂಜೆ, ಶಾಲೆ ಬಿಟ್ಟ ಮೇಲೆ, ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ಅವಸರದಿಂದ ನಮ್ಮ ಬಳಿಗೆ ಬಂದರು. ಅವರ ಕೈಯಲ್ಲಿ ಮೊಬೈಲು ಇತ್ತು. ಯಾರೋ ಯಾರಿಗೋ ಕಳುಹಿಸಿ, ಅವರಿಂದ ಇವರಿಗೆ ತಲುಪಿದ ಸಂದೇಶವೊಂದನ್ನು ತೋರಿಸಿದರು. ಭೂಮಿಯ ಕಾಂತಶಕ್ತಿ ಕುಸಿಯುತ್ತಿದೆಯೆಂದೂ, ಮೂರು ದಿನಗಳೊಳಗೆ ಕಿಲ್ಲಾರಿಯ ಸೀಮೆಯಲ್ಲಿ ಮತ್ತೆ ಭೂಮಿ ನಡುಗುವುದೆಂದೂ ಅದರಲ್ಲಿ ಬರೆದಿತ್ತು. ಸಂದೇಶವನ್ನು ನಂಬದೆ ಅವರು ತಮ್ಮ ಮನೆಯ ಹೊಸ್ತಿಲ ಮುಂದಿನ ಕಲ್ಲಿನ ಮೇಲೆ ಮೊಬೈಲನ್ನು ಇಟ್ಟು, ಅದರಲ್ಲಿರುವ ದಿಕ್ಸೂಚಿಯನ್ನು ನೋಡಿದ್ದರು. ಉತ್ತರ ಇರಬೇಕಾದಲ್ಲಿ ಅದು ಉತ್ತರವನ್ನು ತೋರಿಸಲಿಲ್ಲ. ಅಲ್ಲಿಗೆ ಅವರ ಧೈರ್ಯ ಉಡುಗಿತು.

"ಸರ್, ಇದು ಖರೇನ್ರಿ? ಇವತ್ತ ರಾತ್ರಿ ಹುಡುಗರನ್ನ ಹೊರಗ ಮಲಗಸ್ಲೇನ್ರಿ?" ಎಂದು ಅವರು ಕೇಳಿದರು.

ಅವರಿಗೆ ನಾವು ಉತ್ತರವನ್ನು ಕೊಟ್ಟೆವು. ಅವರು ಸಮಾಧಾನಗೊಂಡು ಹೋದರು. ಆದರೆ ಆ ಪ್ರಶ್ನೆ ನಮ್ಮನ್ನು ಮೂವತ್ತು ವರ್ಷಗಳಿಗೂ ಹಿಂದಕ್ಕೆ ಕರೆದೊಯ್ದಿತು. ಏಕೆಂದರೆ ಇದೇ ಬಗೆಯ ಭೀತಿಯನ್ನು ಈ ಊರಿನಲ್ಲಿ ಒಮ್ಮೆ ಹುಟ್ಟಿಸಿದವರು ನಾವೇ. ಅದನ್ನು ಮುಚ್ಚಿಟ್ಟು ವಿಜ್ಞಾನವನ್ನು ಹೇಳಹೊರಟರೆ ವಾಚಕರಿಗೆ ಅರ್ಧ ಸತ್ಯವನ್ನು ಹೇಳಿದಂತಾದೀತು.

1993ನೆಯ ಇಸವಿ ಸೆಪ್ಟೆಂಬರ್ 30. ಅನಂತ ಚತುರ್ದಶಿಯ ಗಣಪತಿ ವಿಸರ್ಜನೆಯನ್ನು ಮುಗಿಸಿ ಜನ ತಡವಾಗಿ ಮಲಗಿದ್ದ ರಾತ್ರಿ. ಬೆಳಗಿನ ಜಾವ 3 ಗಂಟೆ 56 ನಿಮಿಷದ ಸುಮಾರಿಗೆ ಲಾತೂರ ಮತ್ತು ಉಸ್ಮಾನಾಬಾದ (ಈಗಿನ ಧಾರಾಶಿವ) ಜಿಲ್ಲೆಗಳ ಗಡಿಯಲ್ಲಿ, ಕಿಲ್ಲಾರಿ ಗ್ರಾಮದ ಬಳಿ, ಭೂಮಿ ಬಿರಿಯಿತು. ಅದರ ಪ್ರಮಾಣ 6.2. ಲೋಕದ ದೊಡ್ಡ ಭೂಕಂಪಗಳ ಸಾಲಿನಲ್ಲಿ ಅದು ದೊಡ್ಡದೇನಲ್ಲ. ಆದರೆ ಬಿರುಕು ನೆಲದ ಮಟ್ಟಕ್ಕೆ ತೀರ ಸಮೀಪವಾಗಿದ್ದಿತು. ಮೇಲಿದ್ದ ಮನೆಗಳೋ, ಕೆಸರು ಮಣ್ಣಿನಲ್ಲಿ ಗುಂಡುಕಲ್ಲುಗಳನ್ನು ಕೂರಿಸಿ ಕಟ್ಟಿದ ದಪ್ಪ ಗೋಡೆಗಳವು, ತಲೆಯ ಮೇಲೆ ಮಣ್ಣಿನ ಮಾಳಿಗೆಯನ್ನು ಹೊತ್ತವು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ ಎಂದು ಅಜ್ಜ ಮುತ್ತಜ್ಜಂದಿರು ಕಟ್ಟಿದ ಆ ಮನೆಗಳೇ ಮಲಗಿದ್ದವರ ಮೇಲೆ ಕುಸಿದವು. ಎಂಟರಿಂದ ಹತ್ತು ಸಾವಿರ ಜನ ಸತ್ತರು.

ಅಕ್ಕಲಕೋಟೆಯಿಂದ ಕಿಲ್ಲಾರಿಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 75 ಕಿಲೋಮೀಟರು. ಸೊಲ್ಲಾಪುರದಿಂದ ಇನ್ನೂ ತುಸು ಹೆಚ್ಚು. ನಮ್ಮ ಮನೆಗಳೂ ಅದೇ ಬಗೆಯವು. ನಮ್ಮ ಊರಿನಲ್ಲಿ ಯಾರೂ ಸಾಯಲಿಲ್ಲ. ಮಾಡದೊಳಗಿನ ತಾಮ್ರದ ಚೆಂಬುಗಳು ಉರುಳಿದವು, ಕೆಲವು ಗೋಡೆಗಳು ಬಿರಿದವು, ದನಗಳು ಹಗ್ಗ ಹರಿದುಕೊಂಡವು. ಆದರೆ ಬೆಳಕು ಹರಿದು ಸುದ್ದಿ ಬರಲಾರಂಭಿಸಿದ ಮೇಲೆ, ಮಾಳಿಗೆಯ ಕೆಳಗೆ ಮಲಗುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಊರಿಗೆ ಊರೇ ಬಯಲಿನಲ್ಲಿ, ಕಣದಲ್ಲಿ, ನಮ್ಮ ಶಾಲೆಯ ಅಂಗಳದಲ್ಲಿ ಹಾಸಿಕೊಂಡು ಮಲಗತೊಡಗಿತು. ಮೇಲಿಂದ ಮೇಲೆ ಸಣ್ಣ ಕಂಪನಗಳು ಬರುತ್ತಲೇ ಇದ್ದವು.

ನಾವಾಗ ಶಿಕ್ಷಕ ತರಬೇತಿಯನ್ನು ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ಓದಿದ್ದು ಸ್ವಲ್ಪ, ಹೇಳುವ ಉತ್ಸಾಹ ಬಹಳ. ಯಾವುದೋ ಪುಸ್ತಕದಲ್ಲಿ ಜಪಾನಿನ ಕಥೆಯೊಂದನ್ನು ಓದಿದ್ದೆವು. 1855ನೆಯ ಇಸವಿ ನವೆಂಬರ್ 11ರಂದು, ಇಂದು ಟೋಕಿಯೋ ಎನಿಸಿಕೊಂಡಿರುವ ಎಡೋ ನಗರವನ್ನು ದೊಡ್ಡ ಭೂಕಂಪವೊಂದು ಹಾಳುಗೆಡವಿತು. ಅಸಾಕುಸಾ ಎಂಬ ಕೇರಿಯಲ್ಲಿ ಕನ್ನಡಕಗಳನ್ನು ಮಾರುವವನೊಬ್ಬನ ಅಂಗಡಿಯಲ್ಲಿ ಗಿರಾಕಿಗಳನ್ನು ಸೆಳೆಯಲೆಂದು ದೊಡ್ಡ ಅಯಸ್ಕಾಂತ ಶಿಲೆಯನ್ನು ಇಟ್ಟಿದ್ದರಂತೆ. ಭೂಕಂಪಕ್ಕೆ ಎರಡು ತಾಸು ಮುಂಚೆ, ಅದಕ್ಕೆ ಅಂಟಿದ್ದ ಕಬ್ಬಿಣದ ಮೊಳೆಗಳೆಲ್ಲ ಒಮ್ಮೆಗೇ ಕೆಳಗೆ ಉದುರಿದವಂತೆ. ಭೂಕಂಪವಾದ ಮೇಲೆ ಅಯಸ್ಕಾಂತ ಮತ್ತೆ ಮೊದಲಿನಂತೆ ಮೊಳೆಗಳನ್ನು ಹಿಡಿಯಿತಂತೆ. ಈ ಕಥೆಯನ್ನು ಆಧರಿಸಿ, ಮೊಳೆ ಬಿದ್ದೊಡನೆ ಗಂಟೆ ಬಾರಿಸುವ ಸಾಧನವನ್ನೂ ಅಲ್ಲಿನವರು ಕಲ್ಪಿಸಿದ್ದರು.

ನಮಗೆ ಅಷ್ಟೇ ಸಾಕಾಯಿತು. ಶಾಲೆಯ ವಿಜ್ಞಾನದ ಪೆಟ್ಟಿಗೆಯಲ್ಲಿದ್ದ ಲಾಳದಾಕಾರದ ಅಯಸ್ಕಾಂತವನ್ನು ತೆಗೆದು, ಪಡಸಾಲೆಯ ತೊಲೆಗೆ ನೂಲಿನಿಂದ ಕಟ್ಟಿ, ಐದು ಮೊಳೆಗಳನ್ನು ಅಂಟಿಸಿ, ಕೆಳಗೆ ಹಿತ್ತಾಳೆಯ ಪರಾತವೊಂದನ್ನು ಇಟ್ಟೆವು. ಮೊಳೆ ಬಿದ್ದರೆ ಸಪ್ಪಳವಾಗುವುದು, ಎಲ್ಲರೂ ಎಚ್ಚೆತ್ತು ಗೋಡೆಗಳಿಂದ ದೂರ ಓಡಬಹುದು ಎಂದು ಹೇಳಿದೆವು. ಜನರ ಕಣ್ಣಿನಲ್ಲಿ ನಮ್ಮ ಬೆಲೆ ಏರಿತು. ಸಂಜೆಯಾಗುತ್ತಲೇ ಹಿರಿಯರು ಬಂದು ಮೊಳೆಗಳನ್ನು ಎಣಿಸಿ, "ಐದೂ ಅದಾವ" ಎಂದು ಹೇಳಿಕೊಂಡು ಮಲಗುತ್ತಿದ್ದರು.

ಅಕ್ಟೋಬರ್ ತಿಂಗಳ ನಡುವಿನ ಒಂದು ರಾತ್ರಿ ಮೊಳೆಗಳು ಬಿದ್ದವು.

ಪರಾತದ ಸಪ್ಪಳ ಇಡೀ ಅಂಗಳಕ್ಕೆ ಕೇಳಿಸಿತು. ಕತ್ತಲಲ್ಲಿ ಕೂಗು, ಓಟ, ಮಕ್ಕಳ ಅಳು. ನೆಲ ಮಾತ್ರ ಅಲುಗಲಿಲ್ಲ. ಅರ್ಧ ತಾಸಿನ ಬಳಿಕ ಕಂದೀಲು ಹಿಡಿದು ನೋಡಿದಾಗ, ಶಾಲೆಯ ಎದುರುಮನೆಯ ಮುದುಕಿಯೊಬ್ಬರು ದನ ಕಟ್ಟುವ ಗೂಟಕ್ಕೆ ಎಡವಿ ಬಿದ್ದು ನರಳುತ್ತಿದ್ದರು. ಅವರ ತೊಡೆಯ ಎಲುಬು ಮುರಿದಿತ್ತು. ಚಕ್ಕಡಿಯಲ್ಲಿ ಹಾಕಿಕೊಂಡು ಅಕ್ಕಲಕೋಟೆಗೆ, ಅಲ್ಲಿಂದ ಸೊಲ್ಲಾಪುರಕ್ಕೆ ಒಯ್ದೆವು. ಎಲುಬು ಕೂಡಿತು, ಆದರೆ ಆ ಅಜ್ಜಿ ಬಳಿಕ ಕೋಲಿಲ್ಲದೆ ನಡೆಯಲಿಲ್ಲ. ನೋಡಲು ಹೋದಾಗ ಅವರು ನಮ್ಮನ್ನು ಬಯ್ಯಲಿಲ್ಲ. "ಮಾಸ್ತರ, ನಿಮ್ಮ ಮೊಳಿ ಬಿತ್ತು, ನಾನೂ ಬಿದ್ದೆ, ಭೂಮಿ ಒಂದು ಸುಮ್ನ ಕುಂತಿತ್ತು ನೋಡ್ರಿ" ಎಂದರು. ನಾವೋ, ಮಾನ ಉಳಿಸಿಕೊಳ್ಳಲು, ನಮಗೆ ತಿಳಿಯದಷ್ಟು ಸಣ್ಣದಾಗಿ ಭೂಮಿ ಅಲುಗಿರಬಹುದು, ಕಾಂತಶಕ್ತಿ ಒಂದು ಕ್ಷಣ ಕುಗ್ಗಿರಬಹುದು ಎಂದೆವು. ಅದನ್ನೇ ಹಲವು ವರ್ಷ ತರಗತಿಯಲ್ಲಿಯೂ ಹೇಳಿದೆವು.

ಈಗ, ನಿಜವೇನು? ದೊಡ್ಡ ಭೂಕಂಪಗಳು ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸುತ್ತವೆಯೆ?

ಅಲುಗಿಸುತ್ತವೆ. ಎಷ್ಟೆಂಬುದರಲ್ಲಿಯೇ ಎಲ್ಲ ಮರ್ಮವೂ ಅಡಗಿದೆ. ಭೂಮಿಯ ಕಾಂತಕ್ಷೇತ್ರ ಹುಟ್ಟುವುದು ನಮ್ಮ ಕಾಲ ಕೆಳಗಿನ ಬಂಡೆಗಳಲ್ಲಲ್ಲ. ಸುಮಾರು 2,900 ಕಿಲೋಮೀಟರು ಆಳದಲ್ಲಿ ಕರಗಿದ ಕಬ್ಬಿಣದ ಕಡಲೊಂದಿದೆ. ಅದು ನಿಧಾನವಾಗಿ ಮಗುಚಿ ಹರಿಯುತ್ತಿರುವುದರಿಂದ ವಿದ್ಯುತ್ ಪ್ರವಾಹಗಳು ಉಂಟಾಗಿ, ಅವುಗಳಿಂದ ಕಾಂತಕ್ಷೇತ್ರ ಹುಟ್ಟುತ್ತದೆ. ಭೂಕಂಪಗಳೋ, ಅತಿ ಆಳದವು ಕೂಡ, ಸುಮಾರು 700 ಕಿಲೋಮೀಟರಿನ ಮೇಲೆಯೇ ಆಗುವಂಥವು. ಕಿಲ್ಲಾರಿಯದಂತೂ ಹತ್ತು ಕಿಲೋಮೀಟರಿನೊಳಗಿನದು. ಬಾವಿಯ ದಂಡೆಯ ಮೇಲಿನ ಇರುವೆಯ ಓಡಾಟದಿಂದ ಬಾವಿಯ ಸೆಲೆ ಬದಲಾಗದು. ಭೂಕಂಪದಿಂದ ಉತ್ತರ ದಕ್ಷಿಣ ಧ್ರುವಗಳು ಅದಲುಬದಲಾಗುತ್ತವೆಂಬ ಮಾತಿಗೆ ಆಧಾರವಿಲ್ಲ. ಧ್ರುವಗಳು ಅದಲುಬದಲಾಗುವುದು ನಿಜವೇ; ಆದರೆ ಅದಕ್ಕೆ ಸಾವಿರಾರು ವರ್ಷಗಳು ಬೇಕು, ಮತ್ತು ಕೊನೆಯ ಬಾರಿ ಹಾಗಾದದ್ದು ಸುಮಾರು 7 ಲಕ್ಷ 80 ಸಾವಿರ ವರ್ಷಗಳ ಹಿಂದೆ.

ಈ ಮಾತಿಗೆ ಸಾಕ್ಷಿ ಬೇರೆಲ್ಲೂ ಅಲ್ಲ, ನಮ್ಮ ಹೊಲಗಳ ಬದುವಿನಲ್ಲಿಯೇ ಇದೆ. ಸೊಲ್ಲಾಪುರ ಸೀಮೆಯ ಕರಿಕಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ಲಾವಾರಸ. ಅದರಲ್ಲಿ ಕಬ್ಬಿಣದ ಅದಿರಿನ ಸೂಕ್ಷ್ಮ ಹರಳುಗಳಿವೆ. ರಸ ಆರಿ ಕಲ್ಲಾಗುವಾಗ ಆ ಹರಳುಗಳು ಅಂದಿನ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಂಡವು. ದಖನಿನ ಲಾವಾದ ಬಹುಭಾಗದಲ್ಲಿ ಆ ದಿಕ್ಕು ಇಂದಿನದಕ್ಕೆ ತಿರುಗುಮುರುಗು! ಅಂದರೆ ಅಂದು ದಿಕ್ಸೂಚಿ ಇದ್ದಿದ್ದರೆ ಅದರ ಉತ್ತರದ ಮುಳ್ಳು ದಕ್ಷಿಣವನ್ನು ತೋರುತ್ತಿತ್ತು. ನಮ್ಮ ವಿದ್ಯಾರ್ಥಿಯ ತಂದೆಯವರ ಮೊಬೈಲು ದಾರಿ ತಪ್ಪಿದ್ದೂ ಇದರಿಂದಲೇ. ಅವರು ಅದನ್ನು ಇಟ್ಟದ್ದು ಕರಿಕಲ್ಲಿನ ಹಾಸಿನ ಮೇಲೆ. ಸಿಡಿಲು ಬಡಿದ ಕರಿಕಲ್ಲಾದರೆ ಇನ್ನೂ ಬಲವಾದ ಅಯಸ್ಕಾಂತವೇ ಆಗಿಬಿಟ್ಟಿರುತ್ತದೆ.

ಇದೇ ಗುಣದಿಂದ ಭೂಕಂಪಕ್ಕೂ ಕಾಂತಕ್ಷೇತ್ರಕ್ಕೂ ಮೊದಲನೆಯ ನಂಟು ಬೆಳೆಯುತ್ತದೆ. ಕಾಂತಗುಣವುಳ್ಳ ಬಂಡೆಯನ್ನು ಒಂದು ದಿಕ್ಕಿನಲ್ಲಿ ಬಲವಾಗಿ ಅದುಮಿದರೆ, ಆ ದಿಕ್ಕಿನಲ್ಲಿ ಅದರ ಕಾಂತತ್ವ ಅತ್ಯಲ್ಪವಾಗಿ ಕುಗ್ಗುತ್ತದೆ. ನೆಲದೊಳಗೆ ಶತಮಾನಗಳಿಂದ ಕೂಡಿದ ಒತ್ತಡ ಭೂಕಂಪದ ಕ್ಷಣದಲ್ಲಿ ಸಡಿಲಗೊಂಡಾಗ, ಸುತ್ತಣ ಬಂಡೆಗಳ ಕಾಂತತ್ವವೂ ಒಮ್ಮೆಗೇ ತುಸು ಬದಲಾಗಬೇಕು. ಬದಲಾಗಿರುವುದನ್ನು ಅಳೆದೂ ನೋಡಿದ್ದಾರೆ. 1992ರ ಜೂನ್ 28ರಂದು ಅಮೇರಿಕೆಯ ಕ್ಯಾಲಿಫೋರ್ನಿಯದ ಲ್ಯಾಂಡರ್ಸ್ ಎಂಬಲ್ಲಿ 7.3 ಪ್ರಮಾಣದ ಭೂಕಂಪವಾಯಿತು. ಕೇಂದ್ರದಿಂದ ಸುಮಾರು 17 ಕಿಲೋಮೀಟರು ದೂರದಲ್ಲಿದ್ದ ಮಾಪಕ ತೋರಿದ ಬದಲಾವಣೆ 1.2 ನ್ಯಾನೋಟೆಸ್ಲಾ. ಹಿಂದಿನ ಪುಸ್ತಕಗಳಲ್ಲಿ ಗ್ಯಾಮಾ ಎಂದು ಕರೆಯುತ್ತಿದ್ದ ಮಾನವೇ ಇದು.

ಇದೆಷ್ಟು ಚಿಕ್ಕದು? ನಮ್ಮ ಸೀಮೆಯಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 42 ಸಾವಿರ ನ್ಯಾನೋಟೆಸ್ಲಾ. ಒಂದು ಕ್ವಿಂಟಲ್ ಜೋಳದ ಚೀಲದಿಂದ ಸುಮಾರು ಮೂರು ಗ್ರಾಮಿನಷ್ಟು ಕಾಳನ್ನು ಚಿಟಿಕೆಯಲ್ಲಿ ತೆಗೆದರೆ ಚೀಲ ಎಷ್ಟು ಹಗುರವಾದೀತೋ ಅಷ್ಟು. ಮೇಲಾಗಿ ಆ ಚೀಲ ದಿನವೂ ತಾನಾಗಿಯೇ ಏರಿಳಿಯುತ್ತಿರುತ್ತದೆ. ಸೂರ್ಯನ ಬಿಸಿಲಿಗೆ ಮೇಲಣ ವಾಯುಮಂಡಲದಲ್ಲಿ ಹರಿಯುವ ವಿದ್ಯುತ್ತಿನಿಂದಾಗಿ ಬೆಳಗಿನಿಂದ ಸಂಜೆಯೊಳಗೆ ಹತ್ತಾರು ನ್ಯಾನೋಟೆಸ್ಲಾ ವ್ಯತ್ಯಾಸ ನಿತ್ಯದ ಮಾತು. ಸೂರ್ಯನಲ್ಲಿ ಕೋಲಾಹಲವೆದ್ದರೆ ನೂರಾರು. 1859ರ ಸೆಪ್ಟೆಂಬರಿನ ಮಹಾ ಕಾಂತಬಿರುಗಾಳಿಯಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯ ದಾಖಲಿಸಿದ ಕುಸಿತ ಸುಮಾರು 1,600.

ಕೊಲಾಬಾದ ಹೆಸರು ಬಂದುದರಿಂದ ಒಂದು ಮಾತನ್ನು ಹೇಳಿಯೇ ಮುಂದೆ ಹೋಗಬೇಕು. ಅಲ್ಲಿ ಕಾಂತಕ್ಷೇತ್ರವನ್ನು ಅಳೆಯುವ ಕೆಲಸ 1841ರಲ್ಲಿ ಆರಂಭವಾಯಿತು. ಮುಂಬಯಿಯಲ್ಲಿ ವಿದ್ಯುತ್ ಟ್ರಾಮುಗಳು ಬರಲಿವೆಯೆಂದು ತಿಳಿದಾಗ, ಅಲ್ಲಿನ ಮೊದಲ ಭಾರತೀಯ ನಿರ್ದೇಶಕ ನಾನಾಭಾಯಿ ಮೂಸ್ ಅವರು ಉಪಕರಣಗಳನ್ನು ಸಮುದ್ರದ ಆಚೆಯ ಅಲಿಬಾಗಿಗೆ ಒಯ್ಯುವ ಏರ್ಪಾಡು ಮಾಡಿದರು. 1904ರಲ್ಲಿ ಅಲಿಬಾಗಿನ ವೀಕ್ಷಣಾಲಯ ಕೆಲಸಕ್ಕೆ ತೊಡಗಿತು. ಕಾಂತಗುಣವಿಲ್ಲದ ಪೋರಬಂದರದ ಕಲ್ಲಿನಿಂದ ಅದರ ಕಟ್ಟಡವನ್ನು ಕಟ್ಟಿದರು. ನಮ್ಮ ಕರಿಕಲ್ಲು ಅಲ್ಲಿಗೆ ವರ್ಜ್ಯ! ಎರಡೂ ಕಡೆ 1906ರವರೆಗೆ ಜೊತೆಜೊತೆಯಾಗಿ ಅಳತೆಗಳನ್ನು ಮಾಡಿ, ಹಳೆಯ ಲೆಕ್ಕಕ್ಕೆ ಹೊಸ ಲೆಕ್ಕವನ್ನು ಜೋಡಿಸಿದ ಬಳಿಕವೇ ಹಳೆಯದನ್ನು ನಿಲ್ಲಿಸಿದರು. ಒಂದು ಟ್ರಾಮ್ ಗಾಡಿಯ ವಿದ್ಯುತ್ತಿಗೆ ಇಷ್ಟು ಹೆದರುವ ಅಳತೆಯಲ್ಲಿ ಒಂದು ನ್ಯಾನೋಟೆಸ್ಲಾವನ್ನು ಹುಡುಕುವುದೆಂದರೆ ಜಾತ್ರೆಯ ನಡುವೆ ಪಿಸುಮಾತನ್ನು ಆಲಿಸಿದಂತೆ. 1971ರಲ್ಲಿ ಈ ವೀಕ್ಷಣಾಲಯಗಳ ಪರಂಪರೆಯಿಂದಲೇ ಭಾರತೀಯ ಭೂಕಾಂತತ್ವ ಸಂಸ್ಥೆ ರೂಪುಗೊಂಡಿತು.

ಹಳೆಯ ಕಾಂತಮಾಪಕಗಳಲ್ಲಿ ಇನ್ನೊಂದು ತೊಡಕೂ ಇತ್ತು. ಅವುಗಳಲ್ಲಿ ಅಯಸ್ಕಾಂತವನ್ನು ಎಳೆಯೊಂದರಿಂದ ತೂಗುಬಿಟ್ಟಿರುತ್ತಿದ್ದರು. ದೂರದ ಭೂಕಂಪದ ಅಲೆ ಬಂದರೆ ಅಯಸ್ಕಾಂತ ತೊಟ್ಟಿಲಂತೆ ತೂಗಿ, ಕಾಗದದ ಮೇಲಿನ ಗೆರೆ ಕಲಸಿಹೋಗುತ್ತಿತ್ತು. ಅದು ಕಾಂತಕ್ಷೇತ್ರದ ಬದಲಾವಣೆಯಲ್ಲ, ಉಪಕರಣದ ಅಲುಗಾಟ ಮಾತ್ರ.

ಕಿಲ್ಲಾರಿಯ ಲೆಕ್ಕವನ್ನು ನಾವು ಕಪ್ಪುಹಲಗೆಯ ಮೇಲೆ ಮಾಡಿ ನೋಡಿದ್ದುಂಟು. ಲ್ಯಾಂಡರ್ಸಿನ ಭೂಕಂಪದ ಶಕ್ತಿ ಕಿಲ್ಲಾರಿಯದರ ಸುಮಾರು 45 ಪಟ್ಟು. ದೂರ ಹೆಚ್ಚಿದಂತೆ ಈ ಪರಿಣಾಮ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆಯೆಂದು ಹಿಡಿದರೆ, 17 ಕಿಲೋಮೀಟರಿನ ಬದಲು 75 ಕಿಲೋಮೀಟರು ಎಂದಾಗ ಇನ್ನೂ 85 ಪಟ್ಟು ಇಳಿಯುತ್ತದೆ. ನಮ್ಮ ಕರಿಕಲ್ಲು ಹೆಚ್ಚು ಕಾಂತಗುಣದ್ದೆಂದು ಹತ್ತು ಪಟ್ಟು ಧಾರಾಳವಾಗಿ ಸೇರಿಸಿದರೂ, ಅಂದು ನಮ್ಮ ಊರಿನಲ್ಲಿ ಆಗಿರಬಹುದಾದ ಬದಲಾವಣೆ ಒಂದು ನ್ಯಾನೋಟೆಸ್ಲಾದ ನೂರರ ಒಂದಂಶವನ್ನೂ ಮುಟ್ಟದು. ಇದು ಅಂದಾಜಿನ ಲೆಕ್ಕ. ಆದರೂ ಮೊಳೆ ಬೀಳುವ ಮಾತೆಲ್ಲಿ ಬಂತು? ಲಾಳದ ಅಯಸ್ಕಾಂತದ ತುದಿಯಲ್ಲಿ ಇರುವ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸಾವಿರ ಪಟ್ಟಿಗೂ ಮೀರಿದ್ದು. ಭೂಮಿಯ ಕಾಂತಕ್ಷೇತ್ರವನ್ನು ಪೂರ್ತಿಯಾಗಿ ಅಳಿಸಿಹಾಕಿದರೂ ಮೊಳೆ ಅದಕ್ಕೆ ಅಂಟಿಕೊಂಡೇ ಇರುತ್ತದೆ. ಇಷ್ಟು ಸರಳವಾದ ಲೆಕ್ಕವನ್ನು 1993ರಲ್ಲಿ ನಾವು ಮಾಡಲಿಲ್ಲ.

ಇನ್ನುಳಿದ ನಂಟುಗಳು ಕೌತುಕದವು. ಬಂಡೆಯ ರಂಧ್ರಗಳಲ್ಲಿ ನೀರು ಒತ್ತಡದಿಂದ ನುಗ್ಗಿದಾಗ ಅದರೊಡನೆ ವಿದ್ಯುದಂಶವೂ ಸಾಗಿ ಸಣ್ಣ ಪ್ರವಾಹ ಹುಟ್ಟುತ್ತದೆ, ಪ್ರವಾಹವಿದ್ದಲ್ಲಿ ಕಾಂತತ್ವವಿದೆ. ಇದಕ್ಕಿಂತ ಸೊಗಸಾದುದು ಆಕಾಶದ ದಾರಿ. 2004ರ ಡಿಸೆಂಬರ್ 26ರಂದು ಸುಮಾತ್ರದ ಮಹಾಕಂಪನದಲ್ಲಿ ಕಡಲಿನ ಮೇಲ್ಮೈ ಎದ್ದು ತನ್ನ ಮೇಲಣ ಗಾಳಿಯನ್ನು ನೂಕಿತು. ಆ ಒತ್ತು ಕಿವಿಗೆ ಕೇಳದ ಶಬ್ದದ ಅಲೆಯಾಗಿ ಕೆಲವೇ ನಿಮಿಷಗಳಲ್ಲಿ ನೂರು ಕಿಲೋಮೀಟರಿಗೂ ಮೇಲೇರಿ, ಅಲ್ಲಿ ಹರಿಯುವ ವಿದ್ಯುತ್ತನ್ನು ತೂಗಾಡಿಸಿತು. ಥಾಯ್ಲೆಂಡಿನ ಫಿಮಾಯಿಯಲ್ಲಿದ್ದ ಕಾಂತಮಾಪಕದಲ್ಲಿ ಸುಮಾರು ಮೂರೂವರೆ ನಿಮಿಷಕ್ಕೊಮ್ಮೆ ಏರಿಳಿಯುವ ಅಲೆ ಕಾಣಿಸಿತು. ಸುನಾಮಿಯೂ ತನ್ನ ಗುರುತನ್ನು ಬಿಡುತ್ತದೆ. ಉಪ್ಪುನೀರು ವಿದ್ಯುದ್ವಾಹಕ, ಅದು ಭೂಮಿಯ ಕಾಂತಕ್ಷೇತ್ರದಲ್ಲಿ ಚಲಿಸಿದಾಗ ವಿದ್ಯುತ್ತು ಹುಟ್ಟುತ್ತದೆ. 2010ರಲ್ಲಿ ಚಿಲಿಯ ಭೂಕಂಪದ ಸುನಾಮಿ ಈಸ್ಟರ್ ದ್ವೀಪವನ್ನು ದಾಟಿದಾಗ ಅಲ್ಲಿನ ಮಾಪಕ ತೋರಿದ್ದು ಸುಮಾರು ಒಂದು ನ್ಯಾನೋಟೆಸ್ಲಾ. ಇಲ್ಲಿಯೂ ಒಂದೇ!

ಇವೆಲ್ಲ ಭೂಕಂಪವಾದ ಮೇಲಿನ ಮಾತು. ಮುಂಚಿತವಾಗಿ ಏನಾದರೂ ತಿಳಿಯುವುದೆ? 1989ರ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯದ ಲೋಮಾ ಪ್ರಿಯೇಟಾದಲ್ಲಿ ಭೂಕಂಪವಾದಾಗ, ಕೇಂದ್ರದಿಂದ ಕೇವಲ 7 ಕಿಲೋಮೀಟರು ದೂರದಲ್ಲಿ ಬೇರೆ ಕೆಲಸಕ್ಕಾಗಿ ಇಟ್ಟಿದ್ದ ಮಾಪಕವೊಂದು ಎರಡು ವಾರ ಮೊದಲೇ ಕಾಂತ ಗದ್ದಲವನ್ನು ತೋರಿ, ಕೊನೆಯ ಮೂರು ತಾಸುಗಳಲ್ಲಿ ಅದನ್ನು ಬಹಳವಾಗಿ ಹೆಚ್ಚಿಸಿತ್ತು. ಲೋಕದಲ್ಲೆಲ್ಲ ಆಸೆ ಚಿಗುರಿತು. ಇಪ್ಪತ್ತು ವರ್ಷಗಳ ಬಳಿಕ, 2009ರಲ್ಲಿ, ಆ ದಾಖಲೆಯನ್ನು ಮತ್ತೆ ಶೋಧಿಸಿದವರು ಅದು ಉಪಕರಣದ ದೋಷವಿರುವುದೇ ಸಂಭವವೆಂದು ತೋರಿಸಿದರು. ಅದೇ ಸೀಮೆಯ ಪಾರ್ಕ್‌ಫೀಲ್ಡಿನಲ್ಲಿ ಭೂಕಂಪವಾಗಲೆಂದೇ ಬಗೆಬಗೆಯ ಮಾಪಕಗಳನ್ನು ಹೂಡಿ ವಿಜ್ಞಾನಿಗಳು ವರ್ಷಗಟ್ಟಲೆ ಕಾದರು. 2004ರ ಸೆಪ್ಟೆಂಬರ್ 28ರಂದು ಅದು ಬಂದಿತು. ಯಾವ ಕಾಂತ ಮುನ್ಸೂಚನೆಯನ್ನೂ ಕೊಡದೆ ಬಂದಿತು. ಅಮೇರಿಕೆಯ ಉಪಕರಣಕ್ಕೂ ನಮ್ಮ ಪರಾತಕ್ಕೂ ಒಂದೇ ಗತಿಯಾಯಿತಲ್ಲ ಎಂದು ಓದಿದಾಗ ನಮಗೆ ಸ್ವಲ್ಪ ಸಮಾಧಾನವೂ ಆಯಿತೆಂದು ಒಪ್ಪಿಕೊಳ್ಳಬೇಕು. ಅವರು ತಮ್ಮ ತಪ್ಪನ್ನು ತಾವೇ ಹುಡುಕಿ ಅಚ್ಚು ಹಾಕಿಸಿದರು ಎಂಬುದು ನೆನಪಾದಾಗ ಆ ಸಮಾಧಾನ ಉಳಿಯಲಿಲ್ಲ.

ಕಾಂತಕ್ಷೇತ್ರದಿಂದ ಕಿಲ್ಲಾರಿಗೆ ಉಪಯೋಗವಾದದ್ದು ಬೇರೊಂದು ರೀತಿಯಲ್ಲಿ. ಸೂರ್ಯನ ಪ್ರಭಾವದಿಂದ ಕಾಂತಕ್ಷೇತ್ರ ಏರಿಳಿಯುವಾಗ ನೆಲದೊಳಗೂ ಮಂದವಾದ ವಿದ್ಯುತ್ತು ಹರಿಯುತ್ತದೆ. ಎರಡನ್ನೂ ಒಟ್ಟಿಗೆ ಅಳೆದರೆ ಆಳದಲ್ಲಿ ಎಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ, ಎಲ್ಲಿ ಹರಿಯದು ಎಂಬುದು ತಿಳಿಯುತ್ತದೆ. ಈ ವಿಧಾನದಿಂದ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆಯವರು ಕಿಲ್ಲಾರಿಯ ಕೆಳಗೆ ಕೆಲವು ಕಿಲೋಮೀಟರು ಆಳದಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುವ ಪದರವನ್ನು ಕಂಡರು. ಬಂಡೆಯ ಸಂದುಗಳಲ್ಲಿ ನೀರಿನಂಥ ದ್ರವ ತುಂಬಿರುವುದರ ಲಕ್ಷಣವದು. ಅಂಥ ದ್ರವ ಬಂಡೆಯನ್ನು ದುರ್ಬಲಗೊಳಿಸುತ್ತದೆ. ಅಲ್ಲಿ 617 ಮೀಟರು ಆಳದ ಕೊಳವೆಯನ್ನೂ ಕೊರೆದರು. 338 ಮೀಟರುಗಳವರೆಗೆ ನಮ್ಮ ಕರಿಕಲ್ಲು. ಅದರ ಕೆಳಗೆ ತೆಳುವಾದ ಮಡ್ಡಿಯ ಪದರವನ್ನು ದಾಟಿದರೆ ಸಿಕ್ಕಿದ್ದು ಧಾರವಾಡದ ಹೆಸರನ್ನು ಹೊತ್ತ ಪುರಾತನ ಶಿಲಾಸಮೂಹದ ಮುಂದುವರಿಕೆ. ರಾಜ್ಯಗಳ ಗಡಿ ನೆಲದ ಮೇಲಿನದು ಮಾತ್ರವೆಂದು ಅದನ್ನು ಓದಿದಂದು ನಾವು ತರಗತಿಯಲ್ಲಿ ಬಹಳ ಹೊತ್ತು ಮಾತನಾಡಿದೆವು. ಪಾಠದ ಯೋಜನೆಯಲ್ಲಿ ಅದು ಇರಲಿಲ್ಲ.

ಅಂದ ಹಾಗೆ, ಭೂಮಿ ಕಿಲ್ಲಾರಿಯ ಜನರಿಗೆ ಏನನ್ನೂ ಹೇಳಿರಲಿಲ್ಲವೆಂದಲ್ಲ. 1992ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಅಲ್ಲಿ ಸಣ್ಣ ಕಂಪನಗಳ ಸರಮಾಲೆಯೇ ಆಗಿತ್ತು. ಜನ ಹೆದರಿ ಹೊರಗೆ ಮಲಗಿ, ಅವು ನಿಂತ ಮೇಲೆ ಒಳಗೆ ಹೋದರು. ಅಂಥ ಸರಮಾಲೆಗಳು ಏನೂ ಆಗದೆ ನಿಂತುಹೋದ ಊರುಗಳೂ ಬೇಕಾದಷ್ಟಿವೆ. ಯಾವುದರ ಹಿಂದೆ ದೊಡ್ಡದು ಬರುವುದೆಂದು ಹೇಳಬಲ್ಲ ವಿದ್ಯೆ ಇಂದಿಗೂ ಇಲ್ಲ.

ನಮ್ಮ ಮೊಳೆಗಳು ಬಿದ್ದದ್ದು ಏಕೆಂಬುದು ತಿಳಿಯಲು ಹದಿನೇಳು ವರ್ಷ ಬೇಕಾಯಿತು. ಸೊಲ್ಲಾಪುರದಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮಗಳನ್ನು ಒಂದನೆಯ ತರಗತಿಗೆ ಸೇರಿಸಲು ಬಂದ. ದಾಖಲೆಯ ಪುಸ್ತಕದಲ್ಲಿ ಸಹಿ ಮಾಡಿ, ಎದ್ದು ನಿಂತು, ತಲೆ ಕೆರೆದುಕೊಂಡು ಹೇಳಿದ:

"ಸರ್, ಆವತ್ತ ರಾತ್ರಿ ನಾ ಎರಡ ಮೊಳಿ ಜಾಸ್ತಿ ಹಚ್ಚಿದ್ದೆ. ಐದಕ್ಕ ಕಾಯಾಕ ಆಗ್ತದ ಅಂದ್ರ ಏಳಕ್ಕ ಇನ್ನೂ ಚೊಲೋ ಕಾಯ್ತದ ಅನ್ಕೊಂಡಿದ್ದೆ."

ಆಗ ಅವನಿಗೆ ಒಂಬತ್ತು ವರ್ಷ. ತಾಯಿ ಮತ್ತು ತಂಗಿ ಅಂಗಳದಲ್ಲಿ ಮಲಗಿದ್ದರು. ತೊಲೆಯ ಕೆಳಗೆ ಡಬ್ಬಿ ಇಟ್ಟು ಹತ್ತಿ ಮೊಳೆಗಳಿಗೆ ಮೊಳೆಗಳನ್ನು ಜೋತುಬಿಟ್ಟಿದ್ದನಂತೆ. ಭಾರ ತಾಳದೆ ಎಲ್ಲವೂ ಉದುರಿದವು. ಅಜ್ಜಿ ಬಿದ್ದದ್ದನ್ನು ಕಂಡು ಹೆದರಿ ಬಾಯಿ ಬಿಟ್ಟಿರಲಿಲ್ಲ. ಅಷ್ಟು ವರ್ಷ ಆ ಹುಡುಗ ತಪ್ಪನ್ನು ಹೊತ್ತುಕೊಂಡು ತಿರುಗಿದ್ದ, ತಪ್ಪು ಅವನದಾಗಿರಲಿಲ್ಲ. ಹಾಗೆಂದು ಅವನಿಗೆ ಹೇಳಿದೆವು. ಅಜ್ಜಿಗೆ ಹೇಳಲು ಆಗಲಿಲ್ಲ, ಅವರು ತೀರಿಕೊಂಡು ಅದಾಗಲೇ ಆರು ವರ್ಷಗಳಾಗಿದ್ದವು. ಅಂದಿನ ಮರುದಿನವೇ ಏಳನೆಯ ತರಗತಿಯಲ್ಲಿ, ಹಿಂದೆ ಹೇಳಿಕೊಟ್ಟಿದ್ದು ತಪ್ಪೆಂದು ನಾವು ತಿಳಿಸಿದೆವು. ಹಿಂದಿನ ಹದಿನೇಳು ತಂಡಗಳ ಮಕ್ಕಳಿಗೆ ಹೇಳುವ ಬಗೆ ಹೇಗೆಂದು ತಿಳಿಯದೆ ಈ ಲೇಖನವನ್ನು ಬರೆದಿದ್ದೇವೆ. ಅವರಲ್ಲಿ ಕೆಲವರಾದರೂ ಈ ಮಾಸಿಕವನ್ನು ಓದುತ್ತಾರೆ.

ಆ ಅಯಸ್ಕಾಂತ ಈಗಲೂ ವಿಜ್ಞಾನದ ಪೆಟ್ಟಿಗೆಯಲ್ಲಿದೆ. ತುದಿಗಳಿಗೆ ಅಡ್ಡಲಾಗಿ ಮೆದುಕಬ್ಬಿಣದ ಪಟ್ಟಿಯನ್ನು ಹಾಕಿ ಇಟ್ಟಿದ್ದೇವೆ. ಮೊಬೈಲಿನ ಸಂದೇಶ ಬಂದ ಮರುದಿನ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು, ಶಾಲೆಯ ಮೆಟ್ಟಿಲಿನ ಕರಿಕಲ್ಲಿನ ಮೇಲೆ ದಿಕ್ಸೂಚಿಯನ್ನು ಇಟ್ಟು ತೋರಿಸಿದೆವು. ಮುಳ್ಳು ಉತ್ತರವನ್ನು ಬಿಟ್ಟು ಈಶಾನ್ಯಕ್ಕೆ ವಾಲಿತು. "ಸರ್, ಕಿಲ್ಲಾರಿ ಆ ಕಡೀನ ಅಲ್ರೀ?" ಎಂದಳು ಒಬ್ಬ ಹುಡುಗಿ. ಕಿಲ್ಲಾರಿ ಆ ಕಡೆಗೇ ಇದೆ. ದಿಕ್ಸೂಚಿಯನ್ನು ಅವಳ ಕೈಗೇ ಕೊಟ್ಟು, ಪಕ್ಕದ ಮೆಟ್ಟಿಲಿನ ಮೇಲೆ ಇಡಲು ಹೇಳಿದೆವು. ಅಲ್ಲಿ ಮುಳ್ಳು ವಾಯವ್ಯಕ್ಕೆ ತಿರುಗಿತು. ಆಮೇಲೆ ಮಕ್ಕಳು ಅದನ್ನು ನಮ್ಮ ಕೈಗೆ ಕೊಡಲೇ ಇಲ್ಲ; ಊಟದ ಗಂಟೆ ಬಾರಿಸುವವರೆಗೆ ಒಂದೊಂದು ಕಲ್ಲನ್ನೂ ಪರೀಕ್ಷಿಸುತ್ತ, ಮುಳ್ಳು ತೋರಿದ ದಿಕ್ಕನ್ನು ಸುಣ್ಣದ ಕಡ್ಡಿಯಿಂದ ಬರೆಯುತ್ತ ಹೋದರು.